ಮೂರು ದವಡೆಯ ಚಕ್ಕಿನ ಮೇಲೊಂದು ಅಪವಾದ

ಮಾನ್ಯ ಸಂಪಾದಕರೇ,

ಮನೆಯಲ್ಲಿಟ್ಟುಕೊಳ್ಳುವ, ಲೋಹವನ್ನು ತಿರುಗಿಸಿ ಕಡೆಯುವ ಪುಟ್ಟ ಲೇತ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಪೀಣ್ಯದ ಶೆಡ್ಡುಗಳಲ್ಲಿ 31 ವರ್ಷ ಹೊಟ್ಟೆಪಾಡಿಗಾಗಿ ಕಬ್ಬಿಣ ಕಡೆದ ನನಗೆ, ಅದನ್ನೇ ಹವ್ಯಾಸವಾಗಿ ಮಾಡುವವರಿದ್ದಾರೆಂದು ತಿಳಿದು ಸಂತೋಷವಾಯಿತು. ಆದರೆ ಯಂತ್ರದ ಜೊತೆ ಬರುವ ಮೂರು ದವಡೆಯ ಚಕ್ (ಕಡೆಯುವ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗ) ಕೆಲಸಕ್ಕೆ ಬಾರದು, ಮೊದಲು ಅದನ್ನು ಬದಲಾಯಿಸಿ ಎಂಬ ಸಲಹೆಗೆ ಸುಮ್ಮನಿರಲಾಗಲಿಲ್ಲ. ಆ ಮಾತನ್ನು ನಂಬಿ ನಮ್ಮ ಬೀದಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ 80 ಮಿ.ಮೀ. ಚಕ್ಕನ್ನು ಮಾರಾಟಕ್ಕಿಟ್ಟಿದ್ದಾನೆ.

ಅವನ ಮನೆಗೆ ಹೋಗಿ ನೋಡಿದೆ. ನುಣುಪಾದ ಸರಳೊಂದನ್ನು ಹಿಡಿದು ಡಯಲ್ ಗೇಜ್ (ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರುವ ಅಳತೆ ಸಾಧನ) ಹಚ್ಚಿದರೆ ಮುಳ್ಳು 0.08 ಮಿ.ಮೀ. ಆಡಿತು. ಅಂಥ ಚಕ್ಕಿಗೆ ಅಷ್ಟು ಓಲಾಟ ಸ್ವಭಾವ. ಮೂರೂ ದವಡೆಗಳನ್ನು ಒಟ್ಟಿಗೆ ಓಡಿಸುವುದು ಒಳಗಿರುವ ಒಂದೇ ಸುರುಳಿ ತಟ್ಟೆ. ಅದರ ಸವೆತ, ಸಂದಿಯಲ್ಲಿ ಸಿಕ್ಕ ಲೋಹದ ಚೂರು ಸೇರಿ ಜಾಬನ್ನು, ಅಂದರೆ ಕಡೆಯುವ ತುಂಡನ್ನು, ನಡುವಿನಿಂದ ಕೂದಲೆಳೆಯಷ್ಟು ಸರಿಸುತ್ತವೆ. ದವಡೆಗಳ ಮೇಲಿನ 1, 2, 3 ಎಂಬ ಅನುಕ್ರಮ ತಪ್ಪಿಸಿ ದವಡೆ ಹಾಕಿದ್ದರೆ ಮಾತು ಬೇರೆ. ಆಗ ಜಾಬ್ ಕಣ್ಣಿಗೇ ಕಾಣುವಂತೆ ಕುಣಿಯುತ್ತದೆ.

ಚಕ್ ಎಷ್ಟೇ ಓಲಾಡಲಿ, ಒಂದೇ ಹಿಡಿತದಲ್ಲಿ ಕಡೆದದ್ದೆಲ್ಲ ಒಂದೇ ನಡುವಿಗೆ ಬರುತ್ತದೆ. ಜಾಬ್ ತಿರುಗುವುದು ಚಕ್ಕನ್ನು ತಿರುಗಿಸುವ ದಂಡದ, ಅಂದರೆ ಸ್ಪಿಂಡಲ್ಲಿನ, ಅಕ್ಷದ ಸುತ್ತ ತಾನೇ? ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಬಳಿ ಡಯಲ್ ಗೇಜ್ ನಾನು ಕಂಡಿಲ್ಲ. ಹಾಲೆ ಮರದ ತುಂಡನ್ನು ಒಮ್ಮೆ ಹಿಡಿಸಿದರೆ ಕಡೆದು, ಉಜ್ಜಿ, ಅರಗಿನ ಬಣ್ಣ ಹತ್ತಿಸಿ, ಹೊಳಪು ಕೊಟ್ಟು, ಕಟ್ಟಕಡೆಗೆ ಕತ್ತರಿಸಿ ಬೀಳಿಸುತ್ತಾರೆ. ಬಿಚ್ಚಿ, ತಿರುಗಿಸಿ, ಮತ್ತೆ ಹಿಡಿದಾಗಲೇ ತಾಪತ್ರಯ ಶುರು.

ಈ ಬುದ್ಧಿ ಹೇಳುವ ನಾನೇ ಹೋದ ವರ್ಷ ಮೊಮ್ಮಗನ ಆಟಿಕೆ ಉಗಿಯಂತ್ರಕ್ಕೆ ಹಿತ್ತಾಳೆ ಗಾಲಿ ಕಡೆಯುವಾಗ ಎಡವಿದೆ. ನಡುವೆ 8 ಮಿ.ಮೀ. ತೂತು ಕೊರೆದು, ಊಟಕ್ಕೆ ಕರೆದರೆಂದು ಬಿಚ್ಚಿಟ್ಟು, ಮಧ್ಯಾಹ್ನ ಗಾಲಿಯ ಗಿಡ್ಡ ಕುತ್ತಿಗೆಯನ್ನು ಹಿಡಿದು ಅಂಚು ಕಡೆದೆ. ಅಚ್ಚಿಗೆ ಹಾಕಿ ತಿರುಗಿಸಿದರೆ ಮೊಳೆ ಸೊಟ್ಟಗಾದ ಬುಗುರಿಯಂತೆ ನಡುಗಿತು. ಕೊನೆಗೆ ಉಕ್ಕಿನ ತುಂಡೊಂದನ್ನು ಚಕ್ಕಿಗೆ ಹಿಡಿದು, ತೂತಿಗೆ ಬಿಗಿಯಾಗಿ ಕೂರುವಷ್ಟು ಕಡೆದು, ಅದನ್ನು ಬಿಚ್ಚದೆಯೇ ಗಾಲಿಯನ್ನು ಮೇಲೆ ಏರಿಸಿ ಅಂಚನ್ನು ಮತ್ತೊಮ್ಮೆ ಕಡೆದೆ. ಗಾಲಿ ಒಂದು ಮಿ.ಮೀ. ಸಣ್ಣದಾಯಿತು, ಮೊಮ್ಮಗನಿಗೆ ಗೊತ್ತಾಗಲಿಲ್ಲ.

ಮತ್ತೆ ಹಿಡಿಯಲೇಬೇಕಾದ ಜಾಬಿಗೆ ನಾಲ್ಕು ದವಡೆಯ ಚಕ್ ಇದೆ. ಆ ವಿದ್ಯಾರ್ಥಿ ಹುಡುಗನ ಬಳಿ ಅದೂ ಇತ್ತು, ಪೆಟ್ಟಿಗೆಯಲ್ಲೇ. ಒಂದೊಂದು ದವಡೆಯೂ ಸ್ವತಂತ್ರವಾಗಿ ಓಡುವುದರಿಂದ ಹೊಸಬರು ಹೆದರುತ್ತಾರೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ಮೂರು ತಿಂಗಳು ಡಯಲ್ ಮುಟ್ಟಲು ಬಿಡಲಿಲ್ಲ, ಕೈಗೆ ಚಾಕ್‌ಪೀಸ್ ಕೊಟ್ಟರು. ಚಕ್ಕನ್ನು ಕೈಯಿಂದ ತಿರುಗಿಸುತ್ತ ಚಾಕ್‌ಪೀಸನ್ನು ಹತ್ತಿರ ತಂದರೆ ಉಬ್ಬಿದ ಬದಿಗೆ ಗೆರೆ ಬೀಳುತ್ತದೆ. ಎದುರಿನ ದವಡೆ ಸಡಿಲಿಸಿ ಈ ಬದಿಯದನ್ನು ಬಿಗಿಯಬೇಕು. ಗೆರೆ ಸುತ್ತಲೂ ಬೀಳತೊಡಗಿದ ಮೇಲೆ ಡಯಲ್. ಹುಡುಗ ಸೋತದ್ದು ಇಲ್ಲೇ. ಎದುರುಬದುರಿನ ದವಡೆಗಳ ಬಳಿ ಮುಳ್ಳು 0.20 ಮಿ.ಮೀ. ವ್ಯತ್ಯಾಸ ತೋರಿದರೆ ಜಾಬ್ ಸರಿದಿರುವುದು 0.10 ಮಾತ್ರ. ಅವನು ಪೂರ್ತಿ 0.20 ಸರಿಸುತ್ತಿದ್ದ, ದೋಷ ಈ ಬದಿಯಿಂದ ಆ ಬದಿಗೆ ದಾಟುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಅರ್ಧ ಸರಿಸು ಎಂದೆ. ದವಡೆ ಬಿಗಿಯುವ ಎರಡು ಚಾವಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹತ್ತೇ ನಿಮಿಷದಲ್ಲಿ 0.02ಕ್ಕೆ ತಂದ.

ಚಾವಿಯ ಮಾತು ಬಂತು. ಅದನ್ನು ಚಕ್ಕಿನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಿದರೆ ಗುಂಡಿನಂತೆ ಸಿಡಿಯುತ್ತದೆ. ಬರಹದಲ್ಲಿ ಹೊಳೆಯುವ ಚಕ್ಕುಗಳ ನಾಲ್ಕು ಚಿತ್ರಗಳಿಗೆ ಜಾಗವಿತ್ತು, ಈ ಒಂದು ಸಾಲಿಗೆ ಇರಲಿಲ್ಲ.

ಹುಡುಗನ ಚಕ್ ಇನ್ನೂ ಮಾರಾಟವಾಗಿಲ್ಲ. ಅರ್ಧ ಬೆಲೆಗೆ ನಾನೇ ಕೇಳಿದೆ. ಈಗ ಕೊಡಲು ಹಿಂದೇಟು ಹಾಕುತ್ತಿದ್ದಾನೆ.

– ನಿವೃತ್ತ ಟರ್ನರ್, ಬೆಂಗಳೂರು