ಏರಿದ ಶ್ರುತಿ: ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ಶಾಲೆಯ ಕಾರ್ಯಕ್ರಮ ಮುಗಿದ ಮೇಲೆ ನೀನು ಗೇಟಿನವರೆಗೂ ಬರಲಿಲ್ಲ. ಹಾಸ್ಟೆಲ್ಲಿನ ಮೆಟ್ಟಿಲ ಹತ್ತಿರವೇ "ಸರಿ ಅಪ್ಪಾ, ಹೋಗಿ ಬಾ" ಅಂದು ತಿರುಗಿಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತಿಗೇ "ಬಿಡಪ್ಪ" ಅನ್ನುತ್ತೀ. ಅದಕ್ಕೇ ಈ ಕಾಗದ. ಕಾಗದದ ಮಧ್ಯೆ ಬಾಯಿ ಹಾಕೋಕೆ ಆಗಲ್ಲ ನೋಡು.

ಮೊದಲು ಒಂದು ಸುದ್ದಿ. ನಿಮ್ಮ ಪೈಪುಗಳು ಕೆಟ್ಟಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಅಳೆದು ನೋಡಿ ಹೇಳುತ್ತಿದ್ದೇನೆ. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ರಜೆಯಲ್ಲಿ ನೀನು, ಶಾಲೆಯ ಪ್ರಾಜೆಕ್ಟಿಗೆ ವಾದ್ಯ ಮಾಡುತ್ತೇನೆಂದು, ಪಿವಿಸಿ ಪೈಪುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಾಗ ನಾನು ಮುಖ ಸಿಂಡರಿಸಿದ್ದು ನಿಜ. ಪ್ರಾಜೆಕ್ಟ್ ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಥರ್ಮಾಕೋಲಿನ ವೀಣೆ. ಚಿನ್ನದ ಬಣ್ಣ ಬಳಿದಿರುತ್ತದೆ, ಮೀಟಿದರೆ ಸದ್ದಿಲ್ಲ. ಅಪ್ಪ ಅಮ್ಮ ರಾತ್ರಿಯೆಲ್ಲ ಕೂತು ಅಂಟಿಸಿದ್ದನ್ನು ಮಾರನೆಯ ದಿನ ಮಕ್ಕಳು ಹೊತ್ತುಕೊಂಡು ಹೋಗಿ ಅಂಕ ತರುತ್ತಾರೆ. ಸಂಗೀತವನ್ನೂ ಪ್ರಾಜೆಕ್ಟನ್ನೂ ಸೇರಿಸಿದ್ದೇವೆ ಎಂದು ಶಾಲೆಯವರು ಹೇಳಿದಾಗ, ಆ ವೀಣೆಗೆ ಇನ್ನೊಂದು ಕೋಟು ಬಣ್ಣ ಬಿತ್ತು ಎಂದಷ್ಟೇ ಅಂದುಕೊಂಡಿದ್ದೆ.

ನನ್ನ ಅಭಿಪ್ರಾಯ ಬದಲಾದದ್ದು ವರಾಂಡದಲ್ಲಿ ನೀನು ಮೊದಲ ಪೈಪು ಕೊಯ್ದ ದಿನ. ನೋಟ್‌ಬುಕ್ಕಿನಲ್ಲಿ ನಿನ್ನ ಲೆಕ್ಕವಿತ್ತು. 22 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಸಿ ಶ್ರುತಿಯ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಸೆಕೆಂಡಿಗೆ 261.6 ಕಂಪನ. ಎರಡೂ ಬಾಯಿ ತೆರೆದ ಕೊಳವೆಯಲ್ಲಿ ಅರ್ಧ ಅಲೆ ಹಿಡಿಸುತ್ತದೆ, ಆದ್ದರಿಂದ ಉದ್ದ 65.8 ಸೆಂಟಿಮೀಟರ್. ಅಳೆದೆ, ಗುರುತು ಹಾಕಿದೆ, ಗರಗಸ ಎಳೆದೆ, ಹಳೇ ಚಪ್ಪಲಿಯಿಂದ ಬಾಯಿಗೆ ತಟ್ಟಿದೆ. ಸ್ವರ ಕೆಳಗೆ ಕೂತಿತು. ಲೆಕ್ಕವನ್ನು ಮೂರು ಸಲ ಮಾಡಿದೆ, ಸರಿಯಾಗಿಯೇ ಇತ್ತು. ಕಡೆಗೆ ನೋಟ್‌ಬುಕ್ ಮುಚ್ಚಿಟ್ಟು ಅರ ಹಿಡಿದೆ. ಉಜ್ಜುವುದು, ತಟ್ಟುವುದು, "ಸಾ" ಎಂದು ಹಾಡಿ ನೋಡುವುದು, ಮತ್ತೆ ಉಜ್ಜುವುದು. ವರಾಂಡವೆಲ್ಲ ಬಿಳಿ ಪುಡಿ. ಸ್ವರ ಸೇರಿದಾಗ ಟೇಪು ಹಿಡಿದರೆ 63.4.

ಆ 2.4 ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ನೀನು ಇಡೀ ಸಂಜೆ ತಲೆ ಕೆಡಿಸಿಕೊಂಡೆ. ಪೈಪಿನ ಬಾಯಿಂದ ಆಚೆಗೂ ಗಾಳಿ ಸ್ವಲ್ಪ ದೂರ ಕುಣಿಯುತ್ತದೆ, ಒಂದೊಂದು ಬಾಯಿಯಲ್ಲೂ ತ್ರಿಜ್ಯದ 0.6ರಷ್ಟು, ಎಂದು ನಿಮ್ಮ ವಿಜ್ಞಾನದ ಸರ್ ಫೋನಿನಲ್ಲಿ ಹೇಳಿದರು. ತ್ರಿಜ್ಯ 2 ಸೆಂಟಿಮೀಟರ್, ಒಂದು ಕಡೆಗೆ 1.2, ಎರಡು ಕಡೆಗೆ 2.4. ನೀನು ಎದ್ದು ಕುಣಿದದ್ದು ನೋಡಿ ನಿಮ್ಮಮ್ಮ ಏನೋ ಕಚ್ಚಿತೆಂದು ಓಡಿ ಬಂದಳು. ನಿಮ್ಮ ಸರ್ ಮೊದಲೇ ಹೇಳಿದ್ದರೆ ಅದು ನಿನಗೆ ಉರು ಹೊಡೆಯಬೇಕಾದ ಇನ್ನೊಂದು ಸೂತ್ರವಾಗಿರುತ್ತಿತ್ತು. ನಿನ್ನ ಕಿವಿ ಅದನ್ನು ಮೊದಲೇ ಕಂಡುಹಿಡಿದಿತ್ತು, ಹೆಸರಷ್ಟೇ ಗೊತ್ತಿರಲಿಲ್ಲ.

ಗಾಂಧಾರ, ಅಂದರೆ ಗ ಪೈಪು, ಹಾಳಾದದ್ದೂ ನೆನಪಿದೆ. 50.2ಕ್ಕೆ ಕೊಯ್ಯಬೇಕಾದದ್ದನ್ನು 49ಕ್ಕೆ ಕೊಯ್ದು ಅತ್ತೆ. ಕೊಯ್ದದ್ದನ್ನು ಕೂಡಿಸೋಕೆ ಆಗಲ್ಲವಲ್ಲ. ಅರ್ಧ ಗಂಟೆ ಬಿಟ್ಟು ಅದನ್ನೇ 47ಕ್ಕೆ ಇಳಿಸಿ ಮಧ್ಯಮ ಮಾಡಿಕೊಂಡೆ. ಅಲ್ಲಿಂದ ಮುಂದೆ ಉದ್ದನೆಯದನ್ನೇ ಮೊದಲು ಕೊಯ್ಯುವ ನಿಯಮ ಮಾಡಿಕೊಂಡಿರಿ, ಕೆಟ್ಟರೆ ಮೇಲಿನ ಸ್ವರಕ್ಕಾಗುತ್ತದೆ ಅಂತ. ಇದು ಯಾವ ಪಠ್ಯಪುಸ್ತಕದಲ್ಲೂ ಇರಲಿಕ್ಕಿಲ್ಲ.

ಆಮೇಲೆ ಎಂಟೂ ಪೈಪುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದೆ. ನಾನು ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತೆ. ಅವು ಸಮ ಮೆಟ್ಟಿಲುಗಳ ಹಾಗಿರಲಿಲ್ಲ, ಜೋಡಿ ಜೋಡಿಯಾಗಿದ್ದವು. ಸ ಪಕ್ಕದಲ್ಲೇ ರಿ, ಆಮೇಲೆ ದೊಡ್ಡ ಇಳಿತ. ಗ ಪಕ್ಕದಲ್ಲೇ ಮ. ಪ ಪಕ್ಕದಲ್ಲೇ ದ. ಮತ್ತೊಂದು ದೊಡ್ಡ ಇಳಿತ, ನಿ ಪಕ್ಕದಲ್ಲೇ ಮೇಲಿನ ಸ. ಮಾಯಾಮಾಳವಗೌಳ! ಸಂಗೀತದ ಮೊದಲ ಪಾಠವಾದ ಸರಳೆ ವರಸೆಗೆ ಈ ರಾಗವನ್ನು ಗೊತ್ತುಮಾಡಿದ್ದು ಪುರಂದರದಾಸರು ಎನ್ನುತ್ತಾರೆ. ಎಷ್ಟು ಮನೆಗಳಲ್ಲಿ ಎಷ್ಟು ಬೆಳಗ್ಗೆ ಅದನ್ನು ಕೇಳಿದ್ದೇನೋ, ಲೆಕ್ಕವಿಲ್ಲ. ಅದರ ಕೆಳಗಿನ ಅರ್ಧವೂ ಮೇಲಿನ ಅರ್ಧವೂ ಒಂದೇ ಅಚ್ಚಿನವು ಅನ್ನುವುದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಇನ್ನು ಕಾರ್ಯಕ್ರಮದ ದಿನದ ವಿಷಯ. ಮಧ್ಯಾಹ್ನ ಮೂರು ಗಂಟೆ, ಮೇಲೆ ಶೀಟಿನ ಸೂರು, ವೇದಿಕೆಗೆ ದೀಪಗಳು, ಒಳಗೆ ಹಿಡಿಸಲಾರದಷ್ಟು ಜನ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿ ಮಕ್ಕಳು ಹಾಡಲು ಶುರುಮಾಡಿದರು, ಎರಡನೇ ಸಾಲಿಗೆ ನೀವು ಪೈಪು ತಟ್ಟಿದಿರಿ. ಹಾಡು ಒಂದು ಕಡೆ, ಪೈಪು ಒಂದು ಕಡೆ. ನೀನು ಒಮ್ಮೆ ಪೈಪುಗಳನ್ನು ನೋಡಿದೆ, ಒಮ್ಮೆ ಶ್ರುತಿಪೆಟ್ಟಿಗೆಯನ್ನು ನೋಡಿದೆ. ಕೈ ಮೆಲ್ಲಗಾಯಿತು. ಮೂರನೇ ಕಾಲಕ್ಕೆ, ಅಂದರೆ ಅತಿ ವೇಗದ ಸುತ್ತಿಗೆ, ಬರುವ ಹೊತ್ತಿಗೆ ಚಪ್ಪಲಿ ಗಾಳಿಯಲ್ಲಷ್ಟೇ ಆಡುತ್ತಿತ್ತು, ಪೈಪಿಗೆ ತಾಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ "ಪೈಪು ಬಿಟ್ಟು ಬರೀ ಹಾಡಿಸಿದ್ರೆ ಚೆನ್ನಾಗಿರ್ತಿತ್ತು" ಅಂದರು. ನಿನಗೂ ಕೇಳಿಸಿತು, ನನಗೆ ಗೊತ್ತು.

ತಟ್ಟಿದಂತೆ ಮಾಡುವ ಆ ಕೈ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು. ಯಾಕೆಂದು ನಿನಗೆ ಹೇಳಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಮೂಹಗಾನದ ತಾಲೀಮಿನಲ್ಲಿ ಮೇಷ್ಟ್ರು ನನ್ನ ಹತ್ತಿರ ಬಂದು ಕಿವಿ ಕೊಟ್ಟು ಕೇಳಿ, "ನೀನು ಬರೀ ತುಟಿ ಆಡಿಸು, ಧ್ವನಿ ತೆಗೀಬೇಡ" ಎಂದರು. ಆಡಿಸಿದೆ. ಆ ವರ್ಷವೂ ಆಡಿಸಿದೆ, ಮರುವರ್ಷವೂ ಆಡಿಸಿದೆ. ನನಗೆ ಕಿವಿಯಿಲ್ಲ ಎಂದು ಆವತ್ತಿನಿಂದ ನಂಬಿಕೊಂಡೇ ಬಂದೆ. ಅವರು ಕೆಟ್ಟವರಲ್ಲ. ಅವರಿಗೆ ಬೇಕಾಗಿದ್ದದ್ದು ಬಹುಮಾನ, ನನ್ನನ್ನು ಶ್ರುತಿಗೆ ಸೇರಿಸಲು ಪುರುಸೊತ್ತಿರಲಿಲ್ಲ ಅಷ್ಟೆ.

ಸರಿ, ಈಗ ನನ್ನ ಪ್ರಯೋಗ ಕೇಳು. ನೀನು ಹೆಚ್ಚಿಗೆ ಮಾಡಿದ್ದ ಒಂದು ಪ ಪೈಪು ಅಟ್ಟದ ಮೇಲಿತ್ತು. ಫೋನಿಗೆ ಶ್ರುತಿ ಆ್ಯಪ್ ಒಂದು ಹಾಕಿಕೊಂಡೆ. ಬೆಳಗ್ಗೆ ಗೋಡೆಯ ಥರ್ಮಾಮೀಟರ್ 22 ತೋರಿಸುವಾಗ ತಟ್ಟಿದೆ. ಆ್ಯಪಿನ ಮುಳ್ಳು ನಡುಮಧ್ಯ. ಮಧ್ಯಾಹ್ನ ತಾರಸಿಯ ಕೋಣೆಗೆ ಪೈಪನ್ನೂ ಥರ್ಮಾಮೀಟರನ್ನೂ ಒಯ್ದು, 32 ಆಗುವವರೆಗೆ ಕಾದು ತಟ್ಟಿದೆ. ಮುಳ್ಳು ನೋಡುವುದಕ್ಕೆ ಮೊದಲೇ ಗೊತ್ತಾಯಿತು, ಸ್ವರ ಮೇಲಿದೆ. ನನಗೆ ಕೇಳಿಸಿತು ಪುಟ್ಟಿ, ಈ ಕಿವಿಗೆ!

ಗಾಳಿ ಬಿಸಿಯಾದಷ್ಟೂ ಶಬ್ದ ಜೋರಾಗಿ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಹತ್ತು ಡಿಗ್ರಿಗೆ 6 ಮೀಟರ್. 344 ಇದ್ದದ್ದು 350 ಆಯಿತು. ಪೈಪಿನ ಉದ್ದ ಅಷ್ಟೇ ಇರುವುದರಿಂದ ಸ್ವರ ಶೇಕಡಾ 1.7ರಷ್ಟು ಏರಿತು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರ ಸುಮಾರು ಶೇಕಡಾ 6. ಅಂದರೆ ಮೂರನೇ ಒಂದು ಭಾಗಕ್ಕೆ ಹತ್ತಿರ. ಕಿವಿಗೆ ಚುಚ್ಚಲು ಅಷ್ಟು ಧಾರಾಳ ಸಾಕು. ನಿಮ್ಮ ಸಭಾಂಗಣದಲ್ಲಿ ಎಷ್ಟು ಡಿಗ್ರಿ ಇತ್ತೋ, 32ಕ್ಕೆ ಕಡಿಮೆಯಂತೂ ಇದ್ದಿರಲಾರದು, ಬೆನ್ನಿಗೆ ಅಂಟಿದ್ದ ನನ್ನ ಅಂಗಿಯೇ ಸಾಕ್ಷಿ. ಶ್ರುತಿಪೆಟ್ಟಿಗೆಗೆ ಸೆಕೆಯ ಗೊಡವೆಯಿಲ್ಲ, ಅದು ಇದ್ದಲ್ಲೇ ಇತ್ತು. ಬಿಸಿಗೆ ಪೈಪೂ ಹಿಗ್ಗುವುದಿಲ್ಲವಾ, ಆಗ ಸ್ವರ ಇಳಿಯಬೇಕಲ್ಲ ಎಂದು ನೀನು ಕೇಳುತ್ತೀ. ಹಿಗ್ಗುತ್ತದೆ, ಆದರೆ ನಿನ್ನ ಷಡ್ಜದ ಪೈಪು ಹತ್ತು ಡಿಗ್ರಿಗೆ ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ಅದು ಲೆಕ್ಕಕ್ಕೇ ಬರುವುದಿಲ್ಲ.

ಎಂಟೂ ಪೈಪುಗಳು ಒಟ್ಟಿಗೇ ಏರಿದ್ದವು. ತಮ್ಮ ತಮ್ಮಲ್ಲಿ ಅವು ಸರಿಯಾಗಿಯೇ ಇದ್ದವು. ಶ್ರುತಿಪೆಟ್ಟಿಗೆಯಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸಲು ಒಂದು ತಿರುಪು ಇರುತ್ತದೆ. ವೇದಿಕೆಯ ಮೇಲೆ ಎರಡು ನಿಮಿಷ ಕೊಟ್ಟು, ಅದನ್ನು ಪೈಪಿಗೆ ಹೊಂದಿಸಿದ್ದರೆ ಹಾಡುವ ಮಕ್ಕಳೂ ಅದಕ್ಕೇ ಸೇರಿಕೊಳ್ಳುತ್ತಿದ್ದರು. ನನಗೆ ಸಿಟ್ಟಿರುವುದು ಇದಕ್ಕೇ. ಕಛೇರಿಯಲ್ಲಿ ಎಷ್ಟು ದೊಡ್ಡ ವಿದ್ವಾಂಸರಾದರೂ ಮೊದಲು ಎಲ್ಲರೆದುರಿಗೇ ಶ್ರುತಿ ಸೇರಿಸುತ್ತಾರೆ, ಮೃದಂಗದವರು ಕಲ್ಲು ಹಿಡಿದು ಅಂಚು ತಟ್ಟುತ್ತಾರೆ, ಯಾರಿಗೂ ಅವಸರವಿಲ್ಲ. ಕೊಳಲಿನವರು ಉಸಿರು ತುಂಬಿ ಕೊಳಲನ್ನು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಿಮಗೆ ಮಾತ್ರ "ಬೇಗ ಬೇಗ, ಮುಂದಿನದು ಡ್ಯಾನ್ಸ್" ಎಂದು ಓಡಿಸಿದರು. ಪ್ರಾಜೆಕ್ಟ್ ಒಂದು ಕೋಣೆಯಲ್ಲಿ, ಸಂಗೀತ ಇನ್ನೊಂದು ಕೋಣೆಯಲ್ಲಿ, ಎರಡೂ ಭೇಟಿಯಾದದ್ದು ನೇರ ವೇದಿಕೆಯ ಮೇಲೆ. ಇದನ್ನು ಸೇರಿಸುವುದು ಅಂತ ಕರೆಯುವುದಕ್ಕೆ ನಾನು ಒಪ್ಪುವುದಿಲ್ಲ. ಪೋಷಕರ ಸಭೆಯಲ್ಲಿ ಹೇಳುತ್ತೇನೆ, ನೀನು ನಾಚಿಕೊಳ್ಳಬೇಡ.

ಆದರೆ ನಿನ್ನನ್ನೂ ಸ್ವಲ್ಪ ಬೈಯಬೇಕು. ಪೈಪಿನ ಗುಂಗಿನಲ್ಲಿ ಎರಡು ತಿಂಗಳು ಅಭ್ಯಾಸ ಬಿಟ್ಟಿದ್ದೀ. ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡು ಅಂದರೆ ಎರಡನೆಯದಕ್ಕೇ ತಡವರಿಸಿದೆ. ಪೈಪಿಗೆ ಗಮಕ ಬರುವುದಿಲ್ಲ ಮಗಳೇ. ಅದು ಕೊಯ್ದಲ್ಲಿ ನಿಲ್ಲುವ ಸ್ವರ. ರಿ ಹೇಗೆ ತೂಗಬೇಕು, ಗ ಎಲ್ಲಿಂದ ಜಾರಿ ಬರಬೇಕು ಎಂಬುದನ್ನು ಟೇಪು ಹಿಡಿದು ಅಳೆಯೋಕಾಗಲ್ಲ. ಅದು ನಿಮ್ಮ ಸಂಗೀತದ ಮಿಸ್ ಎದುರು ಕೂತು, ಅವರು ಹೇಳಿದ್ದನ್ನೇ ನೂರು ಸಲ ಹೇಳಿ ಬರಬೇಕಾದದ್ದು. ಬೇಜಾರಾಗುತ್ತದೆ. ಆಗಲಿ.

ನಿನಗೆ ಇಷ್ಟವಾಗಬಹುದಾದ ಒಂದು ಕಥೆ. ತಂತಿಗೆ ದುಪ್ಪಟ್ಟು ತೂಕ ಕಟ್ಟಿದರೆ ಸ್ವರ ಒಂದು ಸ್ಥಾಯಿ, ಅಂದರೆ ಸ ಇಂದ ಮೇಲಿನ ಸ ವರೆಗೆ, ಮೇಲಕ್ಕೆ ಹೋಗುತ್ತದೆ ಎಂಬ ಮಾತು ಪೈಥಾಗರಸ್ ಹೆಸರಿನಲ್ಲಿ ಶತಮಾನಗಳ ಕಾಲ ನಡೆದುಬಂದಿತ್ತು. 16ನೇ ಶತಮಾನದಲ್ಲಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ವಿನ್ಸೆಂಜೊ ಗೆಲಿಲಿ ಎಂಬಾತ ನಿಜವಾಗಿಯೂ ತೂಕ ಕಟ್ಟಿ ನೋಡಿದ. ದುಪ್ಪಟ್ಟು ಸಾಲಲಿಲ್ಲ, ನಾಲ್ಕು ಪಟ್ಟು ಬೇಕಾಯಿತು. ವಿಜ್ಞಾನಿ ಗೆಲಿಲಿಯೊ ಅವನ ಮಗ. ನಮ್ಮ ಸಿ. ವಿ. ರಾಮನ್ ಕೂಡ ಬೆಳಕಿನ ಕೆಲಸಕ್ಕೆ 1930ರಲ್ಲಿ ನೊಬೆಲ್ ಪಡೆಯುವುದಕ್ಕೆ ಹತ್ತು ವರ್ಷ ಮೊದಲೇ ಮೃದಂಗದ ಬಗ್ಗೆ ಬರೆದಿದ್ದರು. ಬೇರೆ ಚರ್ಮವಾದ್ಯಗಳ ಗದ್ದಲದ ಬದಲು ಮೃದಂಗಕ್ಕೆ ಶುದ್ಧ ಸ್ವರ ಬರುವುದು ಚರ್ಮದ ಮಧ್ಯಕ್ಕೆ ಮೆತ್ತುವ ಕಪ್ಪು ಕರಣೆಯಿಂದ ಎಂದು ತೋರಿಸಿದ್ದರು. ಪೈಪು ಮೂಲೆಗೆ ಎಸೆಯುವ ಮೊದಲು ಇವರಿಬ್ಬರನ್ನು ನೆನಪಿಸಿಕೋ.

ದಪ್ಪ ರಟ್ಟನ್ನು ಪೈಪಿನ ಸುತ್ತ ಬಿಗಿಯಾಗಿ ಸುತ್ತಿ, ಜಾರಿಸಬಹುದಾದ ಬಳೆ ಮಾಡಿಕೊಂಡರೆ ಸೆಕೆಯಿದ್ದಾಗ ಉದ್ದ ಹೆಚ್ಚಿಸಿಕೊಳ್ಳಬಹುದು. ಕೆಳಗಿನ ಷಡ್ಜಕ್ಕೆ ಹತ್ತು ಡಿಗ್ರಿಗೆ ಸುಮಾರು 1.1 ಸೆಂಟಿಮೀಟರ್ ಬೇಕು, ಮೇಲಿನದಕ್ಕೆ ಅದರ ಅರ್ಧ. ಮಿಕ್ಕ ಆರು ಸ್ವರಗಳದ್ದು ನಾನು ಲೆಕ್ಕ ಹಾಕಿಲ್ಲ, ನೀನು ಹಾಕು. ನಿಮ್ಮ ಗುಂಪಿನಲ್ಲಿ ಯಾವಾಗಲೂ ನಿಧಾನ ಅಂತ ನೀನು ದೂರುತ್ತಿದ್ದ ಆ ಹುಡುಗನನ್ನು ಕರೆದುಕೋ. ವೇದಿಕೆಯ ಮೇಲೆ ಎಲ್ಲರಿಗಿಂತ ಮೊದಲು ತಲೆಯೆತ್ತಿ ಶ್ರುತಿಪೆಟ್ಟಿಗೆ ಕಡೆ ನೋಡಿದವನು ಅವನೇ, ನಾನು ನೋಡುತ್ತಿದ್ದೆ.

ಭಾನುವಾರ ಫೋನ್ ಮಾಡಿದಾಗ ಷಡ್ಜದ ಪೈಪು ತಟ್ಟಿ ಕೇಳಿಸು, ಅಲ್ಲಿ ಎಷ್ಟು ಡಿಗ್ರಿ ಇದೆ ಅಂತಲೂ ಹೇಳು. ಚಪ್ಪಲಿಯನ್ನು ತಟ್ಟಿದ ಕೂಡಲೇ ಎತ್ತು, ಒತ್ತಿ ಹಿಡಿದರೆ ಒಂದು ಬಾಯಿ ಮುಚ್ಚಿ ಸ್ವರ ಒಂದು ಸ್ಥಾಯಿ ಕೆಳಗೆ ಬೀಳುತ್ತದೆ. ಇದೂ ನಾನೇ ಕಂಡುಹಿಡಿದದ್ದು. ಪ ಪೈಪು ನನ್ನ ಹತ್ತಿರವೇ ಇರಲಿ. ದಿನಾ ಬೆಳಗ್ಗೆ ಅದನ್ನು ತಟ್ಟಿ ಜೊತೆಗೆ ಧ್ವನಿ ತೆಗೆಯುತ್ತಿದ್ದೇನೆ. ನಿಮ್ಮಮ್ಮ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಾಳೆ.

ನಿನ್ನ,
ಅಪ್ಪ

ಎಡಗಾಲಿನ ಹಳೇ ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ದೀ. ಅದೂ ನನಗೆ ಬೇಕು, ಕೇಳಬೇಡ.