ಬೆಣ್ಣೆಹಣ್ಣಿನ ಬುಡದಲ್ಲಿ ನೀರು ನಿಲ್ಲದಿರಲಿ

ಮಾನ್ಯರೇ,

ಮಳೆಗಾಲದಲ್ಲಿ ಕೊಡಗಿನ ಹಿತ್ತಲುಗಳ ಬೆಣ್ಣೆಹಣ್ಣಿನ ಎಳೆಗಿಡಗಳನ್ನು ಕೊಲ್ಲುವುದು ಬೇರುಕೊಳೆ ರೋಗ. ಇದನ್ನು ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ನೀರು ನಿಂತ ಮಣ್ಣಿನಲ್ಲೇ ಹಬ್ಬುತ್ತದೆ. ಎಲೆ ಜೋತುಬಿದ್ದರೆ ದಯವಿಟ್ಟು ಇನ್ನಷ್ಟು ನೀರು ಹೊಯ್ಯಬೇಡಿ. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ: ಬೆಳ್ಳಗಿರಬೇಕಾದ ಎಳೆ ಬೇರು ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅದೇ ರೋಗ.

ನಮ್ಮ ಮಳೆಗೆ ಗುಂಡಿಗಿಂತ ದಿಬ್ಬವೇ ಮೇಲು. ಒಂದೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲದ ದಿಬ್ಬದಲ್ಲಿ, ಕಸಿಗಂಟು ಮಣ್ಣಿನಿಂದ ಮೇಲಿರುವಂತೆ ನೆಡಿ. ಕಾಂಡದಿಂದ ಒಂದು ಗೇಣು ಬಿಟ್ಟು ತರಗೆಲೆ ಹೊದಿಸಿ. ಬೇರು ಮೇಲುಮೇಲೆಯೇ ಹರಡುವುದರಿಂದ ಗುದ್ದಲಿ ತಾಗಿಸಬಾರದು.

ಕುಂಡದಲ್ಲಿ ಬೀಜ ಮೊಳೆಸಿದ ಗಿಡ ಜಗಲಿಗೆ ಚೆಂದ, ಬೇಗ ಹಣ್ಣು ಬೇಕಾದರೆ ಕಸಿ ಗಿಡವೇ ಆಗಬೇಕು.

– ಬೆಣ್ಣೆಹಣ್ಣು ಬೆಳೆಗಾರರು, ಸುಂಟಿಕೊಪ್ಪ