ಸಂಸದರಿಗೊಂದು ಬಹಿರಂಗ ಪತ್ರ: ವಿಕ್ರಾಂತ್ ಮೇಲಿದ್ದ ವಿಮಾನಗಳ ವಿಳಾಸ ಕೇಳಿ ಕೊಡಿ

ಉತ್ತರ ಕನ್ನಡದ ಮಾನ್ಯ ಲೋಕಸಭಾ ಸದಸ್ಯರಿಗೆ,

ಕಾರವಾರದ ಕೋಡಿಬಾಗದಿಂದ ನಮಸ್ಕಾರಗಳು.

ನಿಮಗೆ ಬರುವ ಪತ್ರಗಳಲ್ಲಿ ಆಸ್ಪತ್ರೆ ಬೇಕು, ಹುಬ್ಬಳ್ಳಿ-ಅಂಕೋಲಾ ರೈಲು ಬೇಕು, ಹೆದ್ದಾರಿ ಸರಿ ಮಾಡಿಸಿ ಅಂತ ಇರುತ್ತದೆ. ಅವೆಲ್ಲ ಮೊದಲು ಆಗಲಿ. ನನ್ನದು ಕೊನೆಯ ಸಾಲಿನಲ್ಲಿ ನಿಲ್ಲಬೇಕಾದ ಪತ್ರ. ಆದರೆ ಇದಕ್ಕೆ ದುಡ್ಡು ಬೇಡ, ಜಾಗ ಬೇಡ, ಶಿಲಾನ್ಯಾಸವೂ ಬೇಡ. ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು.

ನಾನು ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದವನು. ಡೆಡ್ ಸ್ಟಾಕ್ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಕಾಲು ಮುರಿದ ಬೆಂಚಿಗೂ ಅದರಲ್ಲಿ ಒಂದು ಸಾಲು ಇರಬೇಕು. ಯಾವ ವರ್ಷ ಬಂತು, ಎಷ್ಟಕ್ಕೆ ಕೊಂಡದ್ದು, ಹರಾಜಿಗೆ ಹೋದರೆ ಯಾರಿಗೆ ಹೋಯಿತು, ರಸೀದಿ ನಂಬರ್ ಎಷ್ಟು. ಒಂದು ಸಲ ಒಂದು ಗ್ಲೋಬ್ ಕಾಣೆಯಾಗಿ ಆಡಿಟ್‌ನವರು ಎರಡು ವರ್ಷ ನನ್ನನ್ನು ಬಿಡಲಿಲ್ಲ. ಹಾಗಾಗಿ ಸರ್ಕಾರಿ ವಸ್ತು ಸುಮ್ನೆ ಮಾಯವಾಗುತ್ತದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ವಿಮಾನ ಅಂದಮೇಲೆ ಕೇಳಬೇಕೇ?

ವಿಷಯಕ್ಕೆ ಬರುತ್ತೇನೆ. 2008ರಲ್ಲಿ ತಂಗಿಯ ಮನೆಗೆಂದು ಮುಂಬೈಗೆ ಹೋಗಿದ್ದೆ. ಆಗ ಹಳೆಯ ಐಎನ್‌ಎಸ್ ವಿಕ್ರಾಂತ್ ಅಲ್ಲಿ ಮ್ಯೂಸಿಯಂ ಆಗಿ ನಿಂತಿತ್ತು. 1961ರಲ್ಲಿ ನೌಕಾಪಡೆಗೆ ಸೇರಿದ ಹಡಗು, ನಮ್ಮ ಮೊದಲ ವಿಮಾನವಾಹಕ ನೌಕೆ. 1997ರಲ್ಲಿ ನಿವೃತ್ತಿ. ಆಮೇಲೆ ಜನರಿಗೆ ನೋಡಲು ಬಿಡುತ್ತಿದ್ದರು. ಅದರ ಮೇಲೆ ಹಳೆಯ ವಿಮಾನಗಳೂ ಹೆಲಿಕಾಪ್ಟರ್‌ಗಳೂ ಇದ್ದವು. ಸೀ ಹಾಕ್ ಅನ್ನುವ ಪುಟ್ಟ ಜೆಟ್, ರೆಕ್ಕೆ ಮಡಚುವ ಅಲಿಝೆ. ಈ ಎರಡೂ ಜಾತಿಯ ವಿಮಾನಗಳು 1971ರ ಡಿಸೆಂಬರ್ 4ರಿಂದ ಇದೇ ವಿಕ್ರಾಂತ್ ಮೇಲಿಂದ ಹಾರಿ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಬಾಂಬ್ ಹಾಕಿದಂಥವು. ತಂಗಿಯ ಮಗನನ್ನು ಒಂದು ವಿಮಾನದ ಬಾಲದ ಮುಂದೆ ನಿಲ್ಲಿಸಿ ಫೋಟೋ ತೆಗೆದೆ.

2012ರಲ್ಲಿ ಹಡಗು ಸುರಕ್ಷಿತವಲ್ಲ ಎಂದು ಮ್ಯೂಸಿಯಂ ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಾಟವಾಯಿತು. ಉಳಿಸಿಕೊಳ್ಳಿ ಅಂತ ಕೋರ್ಟಿಗೆ ಹೋದವರೂ ಇದ್ದರು, ಪ್ರಯೋಜನ ಆಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಒಡೆಯಲು ಶುರು ಮಾಡಿದರು.

ಇಲ್ಲೊಂದು ತಮಾಷೆ ನೋಡಿ. ಆ ಹಡಗಿನ ಉಕ್ಕು ಎಲ್ಲಿಗೆ ಹೋಯಿತು ಅನ್ನುವುದು ಊರಿಗೇ ಗೊತ್ತು. ಬಜಾಜ್‌ನವರು ಕೊಂಡು, 2016ರಲ್ಲಿ ಅದನ್ನು ಬಳಸಿ ಬೈಕ್ ಮಾಡಿ ಮಾರಿದರು. ನಮ್ಮ ಓಣಿಯಲ್ಲೇ ಅಂಥದ್ದೊಂದು ಬೈಕ್ ಇದೆ. ಪೆಟ್ರೋಲ್ ಟ್ಯಾಂಕಿನಲ್ಲಿ ವಿಕ್ರಾಂತ್ ಇದೆ ಅಂತ ಅದರ ಮಾಲೀಕ ಟ್ಯಾಂಕ್ ತಟ್ಟಿ ತೋರಿಸುತ್ತಾನೆ. ಆದರೆ ಮೇಲಿದ್ದ ವಿಮಾನಗಳು? ನಾನು ಹತ್ತು ರೂಪಾಯಿ ಕಟ್ಟಿ ಒಂದು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅವರು 6(3) ಕಲಮಿನಡಿ ಇನ್ನೊಂದು ಕಚೇರಿಗೆ ದಾಟಿಸಿದರು. ಆ ಕಚೇರಿಯಿಂದ ಒಂದೇ ಸಾಲಿನ ಉತ್ತರ ಬಂತು: ಇದು ನಮಗೆ ಸಂಬಂಧಿಸಿದ್ದಲ್ಲ. ಯಾರನ್ನೂ ದೂರುತ್ತಿಲ್ಲ. ನಾನೂ ಗುಮಾಸ್ತನೇ, ಅಂಥ ಉತ್ತರ ನಾನೂ ಟೈಪ್ ಮಾಡಿದ್ದೇನೆ.

ಮುಂಬೈ ಮ್ಯೂಸಿಯಂ ವಿಚಾರ ಕಾರವಾರದವನಿಗೆ ಯಾಕೆ ಅಂತ ನೀವು ಕೇಳಬಹುದು. 1961ರ ಡಿಸೆಂಬರ್‌ನಲ್ಲಿ ನಮ್ಮ ಅಂಜುದೀವ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳಲು ನಾವಿಕರು ಇಳಿದು ಪ್ರಾಣ ಕೊಟ್ಟಾಗ, ವಿಕ್ರಾಂತ್ ಗೋವಾ ಕಡೆಯ ಕಡಲಲ್ಲೇ ಗಸ್ತು ತಿರುಗುತ್ತಿತ್ತು. ಈಗ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ನಿಲ್ಲುವುದು ನಮ್ಮ ಕದಂಬ ನೌಕಾನೆಲೆಯಲ್ಲಿ. ಆ ನೆಲೆಗಾಗಿ ಅರ್ಗಾ, ಚೆಂಡಿಯಾ ಕಡೆಯವರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲ ಬಿಟ್ಟು ಎದ್ದರು. ಇಷ್ಟು ಕೇಳುವ ಹಕ್ಕು ನಮಗಿದೆ ಅಲ್ವಾ?

ಇನ್ನೊಂದು ಕಾರಣವೂ ಇದೆ. ಅದು ನಮ್ಮ ಟಾಗೋರ್ ಕಡಲತೀರದಲ್ಲೇ ನಿಂತಿದೆ. ಅಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಚಾಪಲ್ ಎಂಬ ಹಳೆಯ ಕ್ಷಿಪಣಿ ಹಡಗನ್ನೇ ತೆಗೆದುಕೊಳ್ಳಿ. ಕಡಲೆ ಮಾರುವವನಿಂದ ಹಿಡಿದು ಪ್ರವಾಸಕ್ಕೆ ಬಂದ ಮೇಷ್ಟ್ರವರೆಗೆ, 1971ರಲ್ಲಿ ಕರಾಚಿ ಸುಟ್ಟದ್ದು ಇದೇ ಹಡಗು ಅನ್ನುತ್ತಾರೆ. ಸರ್, ಚಾಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದದ್ದು ನಿರ್ಘಾತ್, ನಿಪಾತ್, ವೀರ್, ವಿನಾಶ್. ಚಾಪಲ್ ಅವುಗಳ ತಂಗಿ ಅನ್ನಬಹುದು, ಅಷ್ಟೇ. ಹಡಗು ಕಣ್ಣೆದುರೇ ಇದ್ದು, ಅದರ ಕಥೆ ಹೀಗೆ ತಪ್ಪಿದೆ. ಕಣ್ಣಿಗೆ ಬೀಳದ ವಿಮಾನಗಳ ಗತಿ ಏನು?

ಚಾಪಲ್ ಪಕ್ಕದಲ್ಲಿ ಈಗ ಟುಪೊಲೆವ್ ಟಿಯು-142 ಇದೆ. ಅದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. 53 ಮೀಟರ್ ಉದ್ದ, 50 ಮೀಟರ್ ರೆಕ್ಕೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲ್ಲರ್, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಜಲಾಂತರ್ಗಾಮಿ ಹುಡುಕುವುದು ಇದರ ಕೆಲಸ. ಇಂಥ ಎಂಟು ವಿಮಾನ 1988ರಲ್ಲಿ ಮೊದಲು ಬಂದಿಳಿದದ್ದು ಪಕ್ಕದ ದಾಬೋಲಿಮ್‌ಗೆ. ನಾಲ್ಕು ವರ್ಷದ ಮೇಲೆ ತಮಿಳುನಾಡಿನ ಅರಕ್ಕೋಣಕ್ಕೆ ಹೋದವು. 2017ರ ಮಾರ್ಚ್ 29ಕ್ಕೆ ನಿವೃತ್ತಿ. ಎಂಟರಲ್ಲಿ ಒಂದು ವಿಶಾಖಪಟ್ಟಣದಲ್ಲಿ ಮ್ಯೂಸಿಯಂ ಆಗಿದೆ. ಇನ್ನೊಂದನ್ನು ಬಿಡಿಬಿಡಿ ಮಾಡಿ ಲಾರಿಯಲ್ಲಿ ತಂದು ಇಲ್ಲಿ ಜೋಡಿಸಿದರು. ಜೋಡಿಸುವಾಗ ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದೆ. ಹೆಂಡತಿ ಬೈಯುತ್ತಿದ್ದಳು.

ಆದರೆ ಉಪ್ಪುಗಾಳಿ ಯಾರ ಮಾತೂ ಕೇಳುವುದಿಲ್ಲ. ವಿಮಾನದ ಮೈ ಅಲ್ಯೂಮಿನಿಯಂ. ಅದಕ್ಕೆ ಉಕ್ಕಿನ ಬೋಲ್ಟ್ ತಾಗಿ, ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಬೈತಕೋಲದಲ್ಲಿ ಬೋಟ್ ಇಟ್ಟವರನ್ನು ಕೇಳಿ, ಗೊತ್ತಿರುತ್ತದೆ. ಅದಕ್ಕೇ ಅವರು ಬೋಟಿನ ತಳಕ್ಕೆ ಸತುವಿನ ತುಂಡು ಹಚ್ಚುತ್ತಾರೆ, ಸವೆಯುವುದಾದರೆ ಅದು ಮೊದಲು ಸವೆಯಲಿ ಅಂತ. ಮೂವತ್ತು ವರ್ಷದ ಮೇಲೆ ನಮ್ಮ ಮ್ಯೂಸಿಯಂ ಕೂಡ ಮುಚ್ಚುವ ದಿನ ಬಂದರೆ, ಆಗಿನ ಯಾರೋ ಒಬ್ಬ ಗುಮಾಸ್ತ ಹೀಗೇ ಪತ್ರ ಬರೆಯುತ್ತಾ ಕೂರಬಾರದು.

ಪತ್ತೆ ಹಚ್ಚುವುದು ಆಗದ ಕೆಲಸವೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಹಾಳುಗೆಡವಿ ಬಿಟ್ಟು ಹೋಗಿದ್ದರು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ಅವನ್ನು ರಿಪೇರಿ ಮಾಡಿ ಮತ್ತೆ ಹಾರಿಸಿದರು. ವಾಯುಪಡೆ 1968ರವರೆಗೆ ಬಳಸಿತು, ಸಮುದ್ರದ ಕಾವಲಿಗೂ. ಅದರಲ್ಲೊಂದು, ನಮ್ಮ ನಂಬರ್ ಎಚ್‌ಇ 807, 1974ರಲ್ಲಿ ಬ್ರಿಟನ್ನಿಗೆ ಹಾರಿತು. ಮೊದಲು ಕೋಲರ್ನ್ ಎಂಬ ವಾಯುನೆಲೆಯ ಮ್ಯೂಸಿಯಂನಲ್ಲಿತ್ತು. ಆ ನೆಲೆಯನ್ನೇ 1976ರಲ್ಲಿ ಮುಚ್ಚಿದರು. ವಿಮಾನ ಕಾಸ್‌ಫರ್ಡ್‌ಗೆ ಹೋಯಿತು, ಅಲ್ಲಿಂದ ಲಂಡನ್ನಿನ ಹೆಂಡನ್‌ಗೆ. ಅದು ಅಮೆರಿಕದಲ್ಲಿ ತಯಾರಾದಾಗಿನ ನಂಬರ್, ಬ್ರಿಟಿಷರ ನಂಬರ್ ಕೆಎನ್ 751, ನಮ್ಮ ನಂಬರ್ ಮೂರನ್ನೂ ಒಂದೇ ಜಾತಕದಲ್ಲಿ ಬರೆದು ಆ ಮ್ಯೂಸಿಯಂನವರು ಎಲ್ಲರಿಗೂ ಓದಲು ಇಟ್ಟಿದ್ದಾರೆ. ನಾನು ಕೋಡಿಬಾಗದಲ್ಲಿ ಕೂತು ಓದಿದೆ. ಬಾಗಿಲು ಮುಚ್ಚಿದ ಮ್ಯೂಸಿಯಂನ ವಿಮಾನ, ಆದರೂ ಕೊಂಡಿ ಎಲ್ಲೂ ತಪ್ಪಿಲ್ಲ.

ಹಾಗಾಗಿ ನೀವು ರಕ್ಷಣಾ ಸಚಿವರಿಗೆ ಇಷ್ಟು ಕೇಳಿ: ಮುಂಬೈಯ ವಿಕ್ರಾಂತ್ ಮ್ಯೂಸಿಯಂ ಮುಚ್ಚುವಾಗ ಅದರ ಮೇಲಿದ್ದ ಪ್ರತಿ ವಿಮಾನ, ಹೆಲಿಕಾಪ್ಟರ್‌ನ ನಂಬರ್ ಏನು, ಎಲ್ಲಿಗೆ ಕಳಿಸಲಾಯಿತು, ಈಗ ಎಲ್ಲಿದೆ? ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿದರೂ ಸರಿ, ಲಿಖಿತ ಉತ್ತರ ಬರುತ್ತದೆ, ಸಂಸತ್ತಿನ ದಾಖಲೆಗೂ ಸೇರುತ್ತದೆ. ನೋಟಿಸಿಗೆ ಹದಿನೈದು ದಿನ ಬೇಕು, ಅದಕ್ಕೇ ಅಧಿವೇಶನಕ್ಕೆ ಮೊದಲೇ ಬರೆಯುತ್ತಿದ್ದೇನೆ. ಯಾವುದೋ ಗೋದಾಮಿನಲ್ಲಿದೆ ಅಂದರೂ ಸಂತೋಷ. ತೂಕಕ್ಕೆ ಹಾಕಿ ಮಾರಿದೆವು ಅಂದರೂ ಬರೆದುಕೊಳ್ಳುತ್ತೇನೆ. ಒಂದನ್ನು ಕಾರವಾರಕ್ಕೆ ಕೊಡಿಸಿ ಅಂತ ಕೇಳುತ್ತಿಲ್ಲ. ಇರುವುದನ್ನೇ ಮಳೆಗಾಲದಲ್ಲಿ ಕಾಪಾಡುವುದು ಕಷ್ಟ.

ಜೊತೆಗೆ ಜಿಲ್ಲಾಡಳಿತಕ್ಕೂ ಒಂದು ಮಾತು ಹೇಳಿ. ನಮ್ಮ ಟುಪೊಲೆವ್ ಮುಂದೆ ಅದರ ಜಾತಕದ ಬೋರ್ಡ್ ಹಾಕಿಸಲಿ, ಕನ್ನಡದಲ್ಲಿ. ಎಂಟರಲ್ಲಿ ಇದು ಎಷ್ಟನೆಯದು, ಯಾವಾಗ ಬಂತು, ಕೊನೆಯ ಸಲ ಯಾವತ್ತು ಹಾರಿತು, ಒಳಗಿನ ಯಾವ ಯಾವ ಭಾಗ ತೆಗೆದಿದ್ದಾರೆ. ಚಾಪಲ್ ಬೋರ್ಡಿನಲ್ಲಿ 1976 ಅನ್ನುವುದನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆಸಿದರೆ ಇನ್ನೂ ಉಪಕಾರ.

2008ರ ಆ ಫೋಟೋದ ಪ್ರತಿಯನ್ನು ಲಗತ್ತಿಸಿದ್ದೇನೆ. ಬಾಲದ ಮೇಲಿನ ನಂಬರ್‌ನಲ್ಲಿ ಎರಡು ಅಂಕಿ ಸ್ಪಷ್ಟ ಕಾಣುತ್ತವೆ. ಮೂರನೆಯದು ತಂಗಿಯ ಮಗನ ತಲೆಯ ಹಿಂದಿದೆ. ಅವನಿಗೆ ಆಗ ಒಂಬತ್ತು ವರ್ಷ, ನೆಟ್ಟಗೆ ನಿಲ್ಲು ಅಂದರೆ ನಿಲ್ಲುವವನಲ್ಲ.

ಇಂತಿ ತಮ್ಮ ವಿಶ್ವಾಸಿ,
ಕೋಡಿಬಾಗದ ಒಬ್ಬ ನಿವೃತ್ತ ಗುಮಾಸ್ತ